ಗುರುತು ಬಾಗಿಲಲ್ಲೇ ಬೀಳಲಿ: ಸ್ವಿಚ್‌ನಲ್ಲಿ ಕ್ಯೂಒಎಸ್ ವರ್ಗೀಕರಣ

ಆಫೀಸಿನಲ್ಲಿ ಫೋನ್ ಮಾತು ತುಂಡುತುಂಡಾಗಿ ಕೇಳತೊಡಗಿದರೆ ಬಹಳಷ್ಟು ಜನ ಮೊದಲು ಕೈ ಹಾಕುವುದು ಕ್ಯೂ (ಸ್ವಿಚ್‌ನಿಂದ ಹೊರಡಲು ಪ್ಯಾಕೆಟ್‌ಗಳು ಕಾಯುವ ಸಾಲು) ಸೆಟ್ಟಿಂಗ್‌ಗಳಿಗೆ. ಯಾವ ಕ್ಯೂಗೆ ಎಷ್ಟು ಬ್ಯಾಂಡ್‌ವಿಡ್ತ್, ಎಷ್ಟು ಬಫರ್ ಎಂದು ಅಂಕಿಗಳನ್ನು ಹಿಂದೆ ಮುಂದೆ ಮಾಡುತ್ತಾರೆ, ಏನೂ ಬದಲಾಗುವುದಿಲ್ಲ. ಕ್ಯೂಗೆ ಸ್ವಂತ ಬುದ್ಧಿ ಇಲ್ಲ. ಪ್ಯಾಕೆಟ್ ಮೇಲೆ ಯಾವ ಅಂಕಿ ಇದೆಯೋ ಅದನ್ನು ನೋಡಿ ಒಳಗೆ ಬಿಡುತ್ತದೆ, ಅಷ್ಟೇ. ದನಿಯ ಪ್ಯಾಕೆಟ್ ದಾರಿಯಲ್ಲಿ ಎಲ್ಲೋ ತನ್ನ ಗುರುತು ಕಳೆದುಕೊಂಡಿದ್ದರೆ ಆದ್ಯತೆಯ ಕ್ಯೂ ಖಾಲಿ ಕೂತಿರುತ್ತದೆ, ದನಿ ಮಾತ್ರ ಬ್ಯಾಕಪ್ ಫೈಲುಗಳ ಹಿಂದೆ ಸಾಲಿನಲ್ಲಿ ನಿಂತಿರುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ಕ್ಯೂಒಎಸ್‌ನ (ಯಾವ ಪ್ಯಾಕೆಟ್‌ಗೆ ಆದ್ಯತೆ ಎಂದು ಗೊತ್ತುಮಾಡುವ ವ್ಯವಸ್ಥೆ) ಮೊದಲ ಹೆಜ್ಜೆಯಾದ ವರ್ಗೀಕರಣದ ಬಗ್ಗೆ, ಅಂದರೆ ಪ್ಯಾಕೆಟ್ ಯಾವ ಬಗೆಯದೆಂದು ನೋಡಿ ಗುರುತು ಹಾಕುವುದರ ಬಗ್ಗೆ. ಉದಾಹರಣೆಗೆ ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ ಸ್ವಿಚ್‌ಗಳನ್ನು ತೆಗೆದುಕೊಂಡಿದ್ದೇನೆ: ಸಣ್ಣ ಆಫೀಸು, ಕಾಲೇಜುಗಳಲ್ಲಿ ಇನ್ನೂ ಓಡುತ್ತಿರುವ 2960, 3560, 3750 ಒಂದು ಕಡೆ, ಹೊಸ 9300 ಇನ್ನೊಂದು ಕಡೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಸ್ವಿಚ್‌ನಲ್ಲಿ ಅವನ್ನೇ ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು.

ಗುರುತು ಇರುವುದು ಎರಡು ಜಾಗದಲ್ಲಿ. ಒಂದು, ಫ್ರೇಮ್ ಯಾವ ವರ್ಚುವಲ್ ಲ್ಯಾನ್‌ಗೆ ಸೇರಿದ್ದೆಂದು ಹೇಳುವ ವಿಎಲ್‌ಎಎನ್ ಟ್ಯಾಗ್‌ನೊಳಗಿನ 3 ಬಿಟ್. ಇದನ್ನು ಸಿಒಎಸ್ ಎನ್ನುತ್ತೇವೆ, ಬೆಲೆ 0ರಿಂದ 7. ಟ್ಯಾಗ್ ಇಲ್ಲದ ಫ್ರೇಮ್‌ನಲ್ಲಿ ಇದಕ್ಕೆ ಜಾಗವೇ ಇಲ್ಲ. ಎರಡು, ಐಪಿ ಹೆಡರ್‌ನ ಎರಡನೇ ಬೈಟಿನಲ್ಲಿರುವ ಡಿಎಸ್‌ಸಿಪಿ. ಆ ಬೈಟಿನ ಮೊದಲ 6 ಬಿಟ್ ಡಿಎಸ್‌ಸಿಪಿಗೆ, ಉಳಿದ 2 ಬಿಟ್ ದಟ್ಟಣೆ ತಿಳಿಸುವ ಇಸಿಎನ್‌ಗೆ. ಡಿಎಸ್‌ಸಿಪಿ ಬೆಲೆ 0ರಿಂದ 63. ದನಿಗೆ 46 (ಇಎಫ್), ವೀಡಿಯೊ ಕರೆಗೆ 34 (ಎಎಫ್41), ಕರೆ ಜೋಡಿಸುವ ಸಿಗ್ನಲಿಂಗ್‌ಗೆ ಸಿಸ್ಕೋ ಲೋಕದಲ್ಲಿ 24 (ಸಿಎಸ್3), ರೌಟಿಂಗ್ ಪ್ರೋಟೋಕಾಲ್‌ಗಳಿಗೆ 48 (ಸಿಎಸ್6), ಬ್ಯಾಕಪ್‌ನಂಥ ಕಾಯಬಲ್ಲ ಕೆಲಸಕ್ಕೆ 8 (ಸಿಎಸ್1), ಉಳಿದದ್ದಕ್ಕೆಲ್ಲ 0. ಕೆಲವು ಉಪಕರಣಗಳು ಡಿಎಸ್‌ಸಿಪಿ ಬದಲು ಇಡೀ ಬೈಟಿನ ಬೆಲೆಯನ್ನು ಕೇಳುತ್ತವೆ. ಆಗ ನಾಲ್ಕರಿಂದ ಗುಣಿಸಿ: 46 ಅಲ್ಲಿ 184 ಆಗುತ್ತದೆ. ಫೋನ್ ಸರ್ವರ್‌ನ ಪುಟದಲ್ಲಿ 184 ಕೇಳುವ ಖಾನೆಗೆ 46 ತುಂಬಿದರೆ ಪ್ಯಾಕೆಟ್ ಹೊರಬೀಳುವುದು ಡಿಎಸ್‌ಸಿಪಿ 11ರ ಗುರುತಿನಿಂದ, ಅದನ್ನು ಯಾವ ಸ್ವಿಚ್ಚೂ ದನಿ ಎಂದು ಎಣಿಸುವುದಿಲ್ಲ.

ಇನ್ನು ತೀರ್ಮಾನಿಸಬೇಕಾದ ಮುಖ್ಯ ಪ್ರಶ್ನೆ: ಯಾರ ಗುರುತನ್ನು ನಂಬಬೇಕು? ನನ್ನ ಖಚಿತ ಅಭಿಪ್ರಾಯ ಇದು. ಪ್ಯಾಕೆಟ್ ನೆಟ್‌ವರ್ಕ್‌ಗೆ ಕಾಲಿಡುವ ಮೊದಲ ಪೋರ್ಟ್‌ನಲ್ಲೇ ಒಮ್ಮೆ ನಿರ್ಧರಿಸಿ ಗುರುತು ಹಾಕಿ, ಅಲ್ಲಿಂದ ಮುಂದೆ ಎಲ್ಲ ಅಪ್‌ಲಿಂಕ್‌ಗಳಲ್ಲೂ (ಮುಂದಿನ ಸ್ವಿಚ್ ಅಥವಾ ರೌಟರ್‌ಗೆ ಹೋಗುವ ಪೋರ್ಟ್‌ಗಳು) ಡಿಎಸ್‌ಸಿಪಿಯನ್ನು ಕಣ್ಣುಮುಚ್ಚಿ ನಂಬಿ. ನಡುವಿನ ಸ್ವಿಚ್‌ಗಳಲ್ಲಿ ಮತ್ತೆ ಮತ್ತೆ ವರ್ಗೀಕರಿಸುವ ವಿನ್ಯಾಸ ಆರು ತಿಂಗಳಲ್ಲಿ ಯಾರಿಗೂ ಅರ್ಥವಾಗದ ಹಾಗೆ ಕೆಡುತ್ತದೆ. ಒಂದು ಸ್ವಿಚ್‌ನ ಪಟ್ಟಿ ತಿದ್ದಿರುತ್ತಾರೆ, ಇನ್ನೊಂದರದ್ದು ಹಳೆಯದೇ ಉಳಿದಿರುತ್ತದೆ.

ಹಳೆಯ 2960, 3560, 3750 ಸ್ವಿಚ್‌ಗಳಲ್ಲಿ ಕ್ಯೂಒಎಸ್ ಮೊದಲಿಗೆ ಆಫ್ ಆಗಿರುತ್ತದೆ. ಆಫ್ ಇದ್ದಾಗ ಪ್ಯಾಕೆಟ್‌ನ ಗುರುತನ್ನು ಸ್ವಿಚ್ ಮುಟ್ಟುವುದಿಲ್ಲ, 46 ಬಂದರೆ 46 ಆಗಿಯೇ ಹೋಗುತ್ತದೆ. ‘ಎಂಎಲ್‌ಎಸ್ ಕ್ಯೂಒಎಸ್’ ಎಂಬ ಒಂದು ಕಮಾಂಡ್ ಕೊಟ್ಟ ಕ್ಷಣ ಚಿತ್ರ ಪೂರ್ತಿ ತಿರುಗುತ್ತದೆ: ನಂಬು ಎಂದು ಹೇಳದ ಪ್ರತಿಯೊಂದು ಪೋರ್ಟೂ ಒಳಬರುವ ಪ್ಯಾಕೆಟ್‌ನ ಡಿಎಸ್‌ಸಿಪಿಯನ್ನು 0 ಮಾಡುತ್ತದೆ, ಅಪ್‌ಲಿಂಕ್ ಕೂಡ. ಕ್ಯೂಒಎಸ್ ಹಾಕಿದ ಮೇಲೆ ಫೋನ್ ಇನ್ನೂ ಹಾಳಾಯಿತು ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಒಂದೇ ಒಂದು ಪೋರ್ಟ್‌ಗೆ ‘ಆಟೋ ಕ್ಯೂಒಎಸ್’ ಕೊಟ್ಟರೂ ಹೀಗೇ ಆಗುತ್ತದೆ, ಏಕೆಂದರೆ ಅದು ತಾನಾಗಿಯೇ ಇಡೀ ಸ್ವಿಚ್‌ಗೆ ಎಂಎಲ್‌ಎಸ್ ಕ್ಯೂಒಎಸ್ ಆನ್ ಮಾಡುತ್ತದೆ.

ಹಾಗಾಗಿ ಕೆಲಸವನ್ನು ತಿರುವುಮುರುವಾಗಿ ಮಾಡಿ. ಮೊದಲು ಎಲ್ಲ ಅಪ್‌ಲಿಂಕ್ ಮತ್ತು ಹಲವು ವಿಎಲ್‌ಎಎನ್ ಹೊರುವ ಟ್ರಂಕ್‌ಗಳಲ್ಲಿ

ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿಎಸ್‌ಸಿಪಿ

ಎಂದು ಬರೆಯಿರಿ. ಕ್ಯೂಒಎಸ್ ಆಫ್ ಇದ್ದಾಗಲೂ ಈ ಸಾಲನ್ನು ಸ್ವಿಚ್ ಒಪ್ಪಿಕೊಳ್ಳುತ್ತದೆ, ಆನ್ ಆದಾಗ ಜಾರಿಗೆ ತರುತ್ತದೆ. ಆಮೇಲೆ ಮ್ಯಾಪ್ (ಸಿಒಎಸ್ ಅಂಕಿಯನ್ನು ಡಿಎಸ್‌ಸಿಪಿಗೆ ಬದಲಿಸುವ ಪಟ್ಟಿ), ಎಸಿಎಲ್ (ವಿಳಾಸ, ಪೋರ್ಟ್ ನೋಡಿ ಪ್ಯಾಕೆಟ್ ಆರಿಸುವ ನಿಯಮಗಳ ಪಟ್ಟಿ), ಪಾಲಿಸಿ (ಆರಿಸಿದ್ದಕ್ಕೆ ಏನು ಮಾಡಬೇಕೆಂಬ ಆದೇಶ), ಕ್ಯೂ ಮಿತಿ ಎಲ್ಲ ಸಿದ್ಧಮಾಡಿಕೊಳ್ಳಿ. ಎಂಎಲ್‌ಎಸ್ ಕ್ಯೂಒಎಸ್ ಎಂಬ ಸಾಲು ಕಟ್ಟಕಡೆಗೆ, ಆಫೀಸು ಮುಚ್ಚಿದ ಮೇಲೆ.

ಮ್ಯಾಪ್‌ನಲ್ಲಿ ಒಂದು ಅಂಕಿ ಬದಲಿಸಲೇಬೇಕು. ಸಿಒಎಸ್ ನಂಬುವ ಪೋರ್ಟ್‌ನಲ್ಲಿ ಸ್ವಿಚ್ ಡಿಎಸ್‌ಸಿಪಿಯನ್ನು ಈ ಮ್ಯಾಪ್ ನೋಡಿ ಹೊಸದಾಗಿ ಬರೆಯುತ್ತದೆ. ಮೂಲ ಮ್ಯಾಪ್ ಎಂಟರ ಮಗ್ಗಿ: 0 8 16 24 32 40 48 56. ಅಂದರೆ ಸಿಒಎಸ್ 5ರ ದನಿ ಡಿಎಸ್‌ಸಿಪಿ 40 ಆಗಿ ಹೊರಡುತ್ತದೆ, 46 ಆಗಿ ಅಲ್ಲ. ಅದೇ ಸ್ವಿಚ್‌ನಲ್ಲಿ ತೊಂದರೆ ಕಾಣಿಸುವುದಿಲ್ಲ, ಏಕೆಂದರೆ 40ರಿಂದ 47ರವರೆಗಿನ ಎಲ್ಲವೂ ಮೂಲ ಸೆಟ್ಟಿಂಗ್‌ನಲ್ಲಿ ಮೊದಲನೇ ಕ್ಯೂಗೇ ಹೋಗುತ್ತವೆ. ಮುಂದೆ ರೌಟರ್ ಇಎಫ್ ಎಂದರೆ 46 ಮಾತ್ರ ಎಂದು ಹುಡುಕುವಾಗ ಈ ಪ್ಯಾಕೆಟ್‌ಗಳು ಸಾಮಾನ್ಯ ವರ್ಗಕ್ಕೆ ಬೀಳುತ್ತವೆ. ಸರಿಪಡಿಸುವ ಸಾಲು:

ಎಂಎಲ್‌ಎಸ್ ಕ್ಯೂಒಎಸ್ ಮ್ಯಾಪ್ ಸಿಒಎಸ್-ಡಿಎಸ್‌ಸಿಪಿ 0 8 16 24 32 46 48 56

ಸಿಸ್ಕೋ ಫೋನ್ ಇರುವ ಪೋರ್ಟ್‌ನಲ್ಲಿ ಎರಡು ಸಾಲು ಸಾಕು: ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿವೈಸ್ ಸಿಸ್ಕೋ-ಫೋನ್’ ಮತ್ತು ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಸಿಒಎಸ್’. ಸಿಡಿಪಿಯಿಂದ (ಸಿಸ್ಕೋ ಉಪಕರಣಗಳು ಪರಸ್ಪರ ಪರಿಚಯ ಹೇಳಿಕೊಳ್ಳುವ ಪ್ರೋಟೋಕಾಲ್) ಫೋನ್ ಇದೆ ಎಂದು ಗೊತ್ತಾದರೆ ಮಾತ್ರ ನಂಬಿಕೆ ಚಾಲೂ ಆಗುತ್ತದೆ. ಫೋನ್ ಕಿತ್ತು ಲ್ಯಾಪ್‌ಟಾಪ್ ಚುಚ್ಚಿದರೆ ನಂಬಿಕೆ ಹೋಗುತ್ತದೆ. ಇಲ್ಲಿ ಎಡವಿ ಬೀಳುವಂಥ ಒಂದು ಗುಂಡಿ ಇದೆ. ಫೋನ್ ಹಿಂದೆ ಕೂತ ಪಿಸಿಯ ಫ್ರೇಮ್‌ಗಳಿಗೆ ಟ್ಯಾಗ್ ಇರುವುದಿಲ್ಲ. ಟ್ಯಾಗ್ ಇಲ್ಲದಿದ್ದರೆ ಸ್ವಿಚ್ ಪೋರ್ಟ್‌ನ ಮೂಲ ಸಿಒಎಸ್ 0 ಎಂದು ಹಿಡಿಯುತ್ತದೆ, ಮ್ಯಾಪ್ ಪ್ರಕಾರ ಡಿಎಸ್‌ಸಿಪಿ 0 ಬರೆಯುತ್ತದೆ. ಆ ಪಿಸಿಯಲ್ಲಿ ಟೀಮ್ಸ್‌ನಂಥ ಸಾಫ್ಟ್‌ಫೋನ್ ಇದ್ದು ಅದು ಸರಿಯಾಗಿ 46 ಹಾಕಿ ಕಳಿಸಿದ್ದರೂ ಅಳಿಸಿಹೋಗುತ್ತದೆ. ಮೇಜಿನ ಫೋನ್‌ನಲ್ಲಿ ಮಾತು ಸ್ಫಟಿಕದ ಹಾಗೆ, ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಒಡಕು ಎಂದರೆ ಮೊದಲು ಇಲ್ಲಿ ನೋಡಿ.

ಬೇರೆ ಕಂಪನಿಯ ಫೋನ್‌ಗಳಿಗೆ ಈ ಷರತ್ತಿನ ನಂಬಿಕೆ ಕೆಲಸಕ್ಕೆ ಬಾರದು. ಅವಕ್ಕೂ ಪಿಸಿಗಳಿಗೂ ಎಸಿಎಲ್ ಆಧರಿಸಿದ ವರ್ಗೀಕರಣವೇ ದಾರಿ. 2960ರಲ್ಲಿ ಇದಕ್ಕೆ ಲ್ಯಾನ್ ಬೇಸ್ ಇಮೇಜ್ (ಸ್ವಿಚ್ ಸಾಫ್ಟ್‌ವೇರ್‌ನ ಒಂದು ಆವೃತ್ತಿ) ಬೇಕು, ಲ್ಯಾನ್ ಲೈಟ್‌ನಲ್ಲಿ ಪಾಲಿಸಿ-ಮ್ಯಾಪ್ ನಡೆಯದು. ಸ್ವಿಚ್ ಕೊಳ್ಳುವ ಮೊದಲೇ ‘ಶೋ ವರ್ಷನ್’ ಕೊಟ್ಟು ಇದನ್ನು ನೋಡಿಕೊಳ್ಳಿ.

ಮೈಕ್ರೋಸಾಫ್ಟ್ ಟೀಮ್ಸ್ ಅನ್ನೇ ತೆಗೆದುಕೊಳ್ಳೋಣ. ಅಡ್ಮಿನ್ ಪುಟದಲ್ಲಿ ಪೋರ್ಟ್ ಶ್ರೇಣಿ (ಕೇಬಲ್ ಚುಚ್ಚುವ ಪೋರ್ಟ್ ಅಲ್ಲ, ಪ್ಯಾಕೆಟ್‌ನೊಳಗಿನ ಯುಡಿಪಿ ಪೋರ್ಟ್ ಅಂಕಿ) ಗೊತ್ತುಮಾಡಿದರೆ ಕ್ಲೈಂಟ್ ಬಳಸುವ ಮೂಲ (ಕಳಿಸುವ ಕಡೆಯ) ಪೋರ್ಟ್‌ಗಳು ದನಿಗೆ 50000–50019, ವೀಡಿಯೊಗೆ 50020–50039, ಪರದೆ ಹಂಚಿಕೆಗೆ 50040–50059. ಸೂಚಿಸಿರುವ ಡಿಎಸ್‌ಸಿಪಿ ಕ್ರಮವಾಗಿ 46, 34, 18. ಸ್ವಿಚ್‌ನಲ್ಲಿ ಬರೆಯುವುದು ಹೀಗೆ:

ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ದನಿ-ಎಸಿಎಲ್
ಪರ್ಮಿಟ್ ಯುಡಿಪಿ ಎನಿ ರೇಂಜ್ 50000 50019 ಎನಿ

ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ದನಿ
ಮ್ಯಾಚ್ ಆಕ್ಸೆಸ್-ಗ್ರೂಪ್ ನೇಮ್ ದನಿ-ಎಸಿಎಲ್

ಪಾಲಿಸಿ-ಮ್ಯಾಪ್ ಬಾಗಿಲು
ಕ್ಲಾಸ್ ದನಿ
ಸೆಟ್ ಡಿಎಸ್‌ಸಿಪಿ ಇಎಫ್
ಪೊಲೀಸ್ 128000 8000 ಎಕ್ಸೀಡ್-ಆಕ್ಷನ್ ಡ್ರಾಪ್
ಕ್ಲಾಸ್ ಕ್ಲಾಸ್-ಡಿಫಾಲ್ಟ್
ಸೆಟ್ ಡಿಎಸ್‌ಸಿಪಿ ಡಿಫಾಲ್ಟ್

ಪೋರ್ಟ್‌ನಲ್ಲಿ: ಸರ್ವಿಸ್-ಪಾಲಿಸಿ ಇನ್‌ಪುಟ್ ಬಾಗಿಲು

ವೀಡಿಯೊ, ಪರದೆಗೂ ಇದೇ ಅಚ್ಚು. ಎಸಿಎಲ್‌ನಲ್ಲಿ ರೇಂಜ್ ಎಲ್ಲಿ ಕೂತಿದೆ ಗಮನಿಸಿ: ಮೊದಲ ‘ಎನಿ’ ಆದ ಮೇಲೆ, ಅಂದರೆ ಮೂಲ ಪೋರ್ಟ್. ಅದನ್ನು ಎರಡನೇ ‘ಎನಿ’ ಆದ ಮೇಲೆ ಬರೆದರೆ ಗಮ್ಯದ ಪೋರ್ಟ್ ಆಗುತ್ತದೆ. ಪಿಸಿಯಿಂದ ಮೇಲೆ ಹೋಗುವ ಪ್ಯಾಕೆಟ್‌ನಲ್ಲಿ ಗಮ್ಯದ ಪೋರ್ಟ್ ಸರ್ವರ್‌ನದ್ದು, 3478–3481ರ ಆಸುಪಾಸು, ಹಾಗಾಗಿ ಸಾಲು ಏನನ್ನೂ ಹಿಡಿಯುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ.

ಕ್ಲಾಸ್-ಮ್ಯಾಪ್‌ಗೆ ‘ಮ್ಯಾಚ್-ಎನಿ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸ್ವಿಚ್ ‘ಮ್ಯಾಚ್-ಆಲ್’ ಎಂದು ಹಿಡಿಯುತ್ತದೆ. ಒಂದೇ ಕ್ಲಾಸ್‌ನಲ್ಲಿ ‘ಮ್ಯಾಚ್ ಡಿಎಸ್‌ಸಿಪಿ 46’ ಒಂದು ಸಾಲು, ‘ಮ್ಯಾಚ್ ಡಿಎಸ್‌ಸಿಪಿ 40’ ಇನ್ನೊಂದು ಸಾಲು ಬರೆದರೆ ಎರಡೂ ಏಕಕಾಲಕ್ಕೆ ನಿಜವಾಗಬೇಕೆಂದು ಅರ್ಥ. ಅಂಥ ಪ್ಯಾಕೆಟ್ ಭೂಮಿಯ ಮೇಲಿಲ್ಲ. ಇನ್ನು ಪಾಲಿಸಿಯೊಳಗೆ ಕ್ಲಾಸ್‌ಗಳ ಕ್ರಮವೂ ಮುಖ್ಯ: ಮೇಲಿನಿಂದ ಕೆಳಗೆ, ಮೊದಲು ಹೊಂದಿದ್ದೇ ಅಂತಿಮ. ‘ಎಲ್ಲ ಯುಡಿಪಿ’ ಎಂಬಂಥ ಅಗಲದ ಕ್ಲಾಸ್ ಮೇಲಿದ್ದರೆ ಕೆಳಗಿನ ಸೂಕ್ಷ್ಮ ಕ್ಲಾಸ್‌ಗಳಿಗೆ ಏನೂ ಉಳಿಯದು.

ವೇಗಕ್ಕೆ ಮಿತಿ ಹಾಕಿ ಮೀರಿದ್ದನ್ನು ಬಿಸಾಡುವ ಪೊಲೀಸ್ ಸಾಲಿನ 128000 (ಸೆಕೆಂಡಿಗೆ ಬಿಟ್) ಎಲ್ಲಿಂದ ಬಂತು? ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಅಂಕಿಗಳಾಗಿಸುವ ಒಂದು ಕ್ರಮ) 20 ಮಿಲಿಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿಯೊಂದರಲ್ಲಿ 160 ಬೈಟ್ ದನಿ, 40 ಬೈಟ್ ಐಪಿ-ಯುಡಿಪಿ-ಆರ್‌ಟಿಪಿ ಹೆಡರ್ (ಆರ್‌ಟಿಪಿ ಎಂದರೆ ದನಿ ಸಾಗಿಸುವ ಪ್ರೋಟೋಕಾಲ್), 18 ಬೈಟ್ ಈಥರ್ನೆಟ್. ಒಟ್ಟು 218 ಬೈಟ್, ಅಂದರೆ 87.2 ಕೆಬಿಪಿಎಸ್. ಒಂದು ಕರೆಗೆ 128 ಕೆಬಿಪಿಎಸ್ ಧಾರಾಳ. ಟೀಮ್ಸ್‌ನ ಕೋಡೆಕ್ ಬೇರೆ, ಬಿಟ್‌ರೇಟ್ ಏರಿಳಿಯುತ್ತದೆ, ಹಾಗಾಗಿ ಪಿಸಿ ಪೋರ್ಟ್‌ಗೆ ಇನ್ನೂ ಸ್ವಲ್ಪ ಸಡಿಲ ಬಿಡುವುದು ಒಳ್ಳೆಯದು. ಆದರೆ ಮಿತಿಯನ್ನು ತೆಗೆದುಹಾಕಬೇಡಿ. ಆದ್ಯತೆಯ ಕ್ಯೂ ಖಾಲಿಯಾಗುವವರೆಗೆ ಸ್ವಿಚ್ ಬೇರೆ ಕ್ಯೂಗಳ ಕಡೆ ನೋಡುವುದೇ ಇಲ್ಲ. ಯಾರೋ ಟೊರೆಂಟ್‌ನ ಮೂಲ ಪೋರ್ಟನ್ನು 50005ಕ್ಕೆ ಇಟ್ಟರೆ ಇಡೀ ಮಹಡಿಯ ನೆಟ್‌ವರ್ಕ್ ಉಸಿರುಗಟ್ಟುತ್ತದೆ.

ಪೋರ್ಟ್ ಶ್ರೇಣಿಗಳ ಬಗ್ಗೆ ಇನ್ನೊಂದು ಮಾತು, ಚಿಪ್‌ನ ಒಳಗಿನದು. ಎಸಿಎಲ್ ನಿಯಮಗಳು ಕೂರುವ ಟಿಕ್ಯಾಮ್ ಎಂಬ ಮೆಮೊರಿಯಲ್ಲಿ ಶ್ರೇಣಿಯನ್ನು ಹಾಗೆಯೇ ಬರೆಯಲಾಗದು, ‘ಈ ಬಿಟ್‌ಗಳು ಇಷ್ಟೇ, ಉಳಿದವು ಏನಾದರೂ ಆಗಲಿ’ ಎಂದೇ ಬರೆಯಬೇಕು. ಸ್ವಿಚ್‌ನಲ್ಲಿ ಶ್ರೇಣಿ ಹೋಲಿಸಲು ಬೇರೆ ಸರ್ಕ್ಯೂಟ್‌ಗಳಿರುತ್ತವೆ, ಆದರೆ ಅವು ಎಣಿಕೆಯಷ್ಟೇ. ಮುಗಿದ ಮೇಲೆ ಶ್ರೇಣಿಯನ್ನು ತುಂಡು ಮಾಡಿ ಟಿಕ್ಯಾಮ್‌ಗೆ ತುಂಬಲಾಗುತ್ತದೆ. ಸಿಸ್ಕೋ ಫೋನ್‌ಗಳ ಆರ್‌ಟಿಪಿ ಶ್ರೇಣಿ 16384–32767 ಎರಡರ ಘಾತಗಳ ನಡುವೆ ಅಚ್ಚುಕಟ್ಟಾಗಿ ಕೂರುತ್ತದೆ, ಒಂದೇ ನಮೂದು ಸಾಕು. 50000–50019ಕ್ಕೆ ಎರಡು ಬೇಕು, 16ರ ಒಂದು ತುಂಡು, 4ರ ಒಂದು ತುಂಡು. 50020–50039ಕ್ಕೆ ಮೂರು. ಆದರೆ 1–65534 ಎಂದು ಬರೆದರೆ 30 ನಮೂದು ತಿನ್ನುತ್ತದೆ. ಎಸಿಎಲ್ ದೊಡ್ಡದಾಗಿ ಪಾಲಿಸಿ ಹಾರ್ಡ್‌ವೇರ್‌ಗೆ ಹತ್ತಲಿಲ್ಲ ಎಂದು ಲಾಗ್‌ನಲ್ಲಿ ಸಂದೇಶ ಬಂದರೆ ಮೊದಲು ಇಂಥ ಅಡ್ಡಾದಿಡ್ಡಿ ಶ್ರೇಣಿಗಳನ್ನು ಹುಡುಕಿ.

ಕ್ಯೂ ವಿಷಯ ಚಿಕ್ಕದಾಗಿ. ಹೊರಹೋಗುವ ಪೋರ್ಟ್‌ನಲ್ಲಿ ನಾಲ್ಕು ಕ್ಯೂ, ‘ಪ್ರಯಾರಿಟಿ-ಕ್ಯೂ ಔಟ್’ ಕೊಟ್ಟರೆ ಮೊದಲನೆಯದು ಆದ್ಯತೆಯ ಕ್ಯೂ. ಎಂಎಲ್‌ಎಸ್ ಕ್ಯೂಒಎಸ್ ಆನ್ ಆದ ಕೂಡಲೇ ಬಫರ್ ನಾಲ್ಕು ಪಾಲಾಗಿ ತಲಾ 25 ಪ್ರತಿಶತ ಆಗುತ್ತದೆ. ಮುಂಚೆ ಇಡೀ ಬಫರ್ ಬಳಸುತ್ತಿದ್ದ ಸಾಮಾನ್ಯ ಟ್ರಾಫಿಕ್ ಈಗ ಎರಡನೇ ಕ್ಯೂನ ಕಾಲುಭಾಗದಲ್ಲಿ ಇಕ್ಕಟ್ಟಾಗಿ ಡ್ರಾಪ್ (ಬಿಸಾಡುವ ಪ್ಯಾಕೆಟ್‌ಗಳ ಸಂಖ್ಯೆ) ಏರತೊಡಗುತ್ತದೆ. ಮದ್ದು: ‘ಎಂಎಲ್‌ಎಸ್ ಕ್ಯೂಒಎಸ್ ಕ್ಯೂ-ಸೆಟ್ ಔಟ್‌ಪುಟ್ 1 ಥ್ರೆಶೋಲ್ಡ್ 2 3200 3200 100 3200’. ಇದರಿಂದ ಎರಡನೇ ಕ್ಯೂ ಎಲ್ಲರಿಗೂ ಸೇರಿದ ಬಫರ್‌ನಿಂದ ಬೇಕಾದಷ್ಟು ಎರವಲು ಪಡೆಯಬಹುದು. ಹಳೆಯ ಐಒಎಸ್‌ನಲ್ಲಿ (ಸಿಸ್ಕೋ ಸ್ವಿಚ್‌ನ ಆಪರೇಟಿಂಗ್ ಸಿಸ್ಟಮ್) 400ಕ್ಕಿಂತ ಮೇಲೆ ಒಪ್ಪುವುದಿಲ್ಲ.

9300ರಲ್ಲಿ ಅಪಾಯ ಇದರ ಉಲ್ಟಾ. ಅಲ್ಲಿ ಎಂಎಲ್‌ಎಸ್ ಕ್ಯೂಒಎಸ್ ಎಂಬ ಕಮಾಂಡೇ ಇಲ್ಲ, ಎಲ್ಲ ಪೋರ್ಟ್‌ಗಳೂ ಮೊದಲಿನಿಂದಲೇ ಬಂದ ಡಿಎಸ್‌ಸಿಪಿಯನ್ನು ನಂಬುತ್ತವೆ. ಏನೂ ಮಾಡದೆ ಬಿಟ್ಟರೆ ಯಾವ ಪಿಸಿ ಯಾವ ಅಂಕಿ ಹಾಕಿದರೂ ಅದೇ ಮುಂದಕ್ಕೆ. ಕೆಲವು ಮೀಟಿಂಗ್ ಸಾಫ್ಟ್‌ವೇರ್‌ಗಳು ದನಿಗೆ 46 ಬಿಟ್ಟು 56ರ ಗುರುತು ಹಾಕುವುದುಂಟು. ಅದು ನೆಟ್‌ವರ್ಕ್ ನಿಯಂತ್ರಣಕ್ಕೆ ಮೀಸಲಾದ ಮೇಲ್ಮಟ್ಟದ ಗುರುತು. ಆದ್ದರಿಂದ 9300ರಲ್ಲಿ ಪಿಸಿ, ಫೋನ್ ಜೋಡಿಸುವ ಆಕ್ಸೆಸ್ ಪೋರ್ಟ್‌ಗಳಿಗೂ ಮೇಲೆ ಹೇಳಿದ ‘ಬಾಗಿಲು’ ಪಾಲಿಸಿಯನ್ನು ಹಾಕಿ, ಕೊನೆಯ ಕ್ಲಾಸ್-ಡಿಫಾಲ್ಟ್‌ನಲ್ಲಿ ಶೂನ್ಯ ಬರೆಯಲೇಬೇಕು. ಹೊರಹೋಗುವ ಕಡೆ ಕ್ಯೂ ಪಾಲಿಸಿಗೆ ಎಸಿಎಲ್ ನಡೆಯದು, ಡಿಎಸ್‌ಸಿಪಿಯಂಥ ಗುರುತಿನಿಂದಲೇ ಹಿಡಿಯಬೇಕು. ಹೀಗಾಗಿ ಒಳಬರುವಾಗ ಗುರುತು, ಹೊರಹೋಗುವಾಗ ಕ್ಯೂ ಎಂಬ ಎರಡು ಹಂತ ತಾನಾಗಿಯೇ ಬರುತ್ತದೆ. ಹೊರಗಿನ ಪಾಲಿಸಿಯಲ್ಲಿ ದನಿಗೆ ‘ಪ್ರಯಾರಿಟಿ ಲೆವೆಲ್ 1’, ಉಳಿದವಕ್ಕೆ ‘ಬ್ಯಾಂಡ್‌ವಿಡ್ತ್ ರಿಮೇನಿಂಗ್ ಪರ್ಸೆಂಟ್’. ಡ್ರಾಪ್ ಕಂಡರೆ ಕ್ಯೂ ಎರವಲು ಪಡೆಯುವ ಬಫರ್ ಮಿತಿ ಏರಿಸುವ ‘ಕ್ಯೂಒಎಸ್ ಕ್ಯೂ-ಸಾಫ್ಟ್‌ಮ್ಯಾಕ್ಸ್-ಮಲ್ಟಿಪ್ಲೈಯರ್ 1200’ ಕೊಟ್ಟು ನೋಡಿ, ಬಹಳ ಸಲ ಅಷ್ಟರಿಂದಲೇ ನಿಲ್ಲುತ್ತದೆ.

ವೈಫೈ ಇರುವ ಕಡೆ ಆಕ್ಸೆಸ್ ಪಾಯಿಂಟ್‌ನ ಪೋರ್ಟ್‌ಗೆ ಡಿಎಸ್‌ಸಿಪಿ ನಂಬಿಕೆ ಕೊಡಿ, ಸಿಒಎಸ್ ಬೇಡ. ಗಾಳಿಯಲ್ಲಿ ಪ್ಯಾಕೆಟ್‌ನ ಆದ್ಯತೆ ಮತ್ತೆ 3 ಬಿಟ್. ಹಲವು ಉಪಕರಣಗಳು ಡಿಎಸ್‌ಸಿಪಿಯ ಮೊದಲ 3 ಬಿಟ್ ಎತ್ತಿಕೊಂಡು ಬಿಡುತ್ತವೆ. 46ರ ಮೊದಲ ಮೂರು ಬಿಟ್ ಎಂದರೆ 5, ಅದು ವೈಫೈನಲ್ಲಿ ವೀಡಿಯೊ ವರ್ಗ. ದನಿಯ ವರ್ಗ 6 ಮತ್ತು 7. ಇದನ್ನು ಸರಿಪಡಿಸಿ 46ನ್ನು 6ಕ್ಕೆ ಹೊಂದಿಸಬೇಕೆಂದು 2018ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 8325 ಹೇಳುತ್ತದೆ. ವೈಫೈ ಕಂಟ್ರೋಲರ್‌ನಲ್ಲಿ ಈ ಮ್ಯಾಪ್ ಹೇಗಿದೆ ಎಂದು ಒಮ್ಮೆ ತೆರೆದು ನೋಡಿ.

ವಿಪಿಎನ್ ಕ್ಲೈಂಟ್ ಓಡುತ್ತಿರುವ ಪಿಸಿಯಲ್ಲಿ ಎಸಿಎಲ್ ಪೂರ್ತಿ ಕುರುಡು. ಸ್ವಿಚ್‌ಗೆ ಕಾಣುವುದು ಯುಡಿಪಿ 4500 ಅಥವಾ ಟಿಸಿಪಿ 443 ಮಾತ್ರ, ಒಳಗೆ ದನಿಯೋ ಡೌನ್‌ಲೋಡೋ ತಿಳಿಯದು. ಟೀಮ್ಸ್ ಟ್ರಾಫಿಕ್ಕನ್ನು ವಿಪಿಎನ್ ಸುರಂಗದಿಂದ ಹೊರಗಿಡುವುದೇ ಇಲ್ಲಿ ನಿಜವಾದ ಪರಿಹಾರ. ಸ್ವಿಚ್‌ನಲ್ಲಿ ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ.

ಇಷ್ಟು ಮಾಡಿದ ಮೇಲೆ ಗುರುತು ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. 2960, 3750ಯಲ್ಲಿ ‘ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್’ ತೋರಿಸುವ ಅಂಕಿಗಳನ್ನು ನಂಬಬೇಡಿ, ಆ ಎಣಿಕೆ ಅಲ್ಲಿ ಬೆಂಬಲಿತವಲ್ಲ. ಸೊನ್ನೆ ಕಂಡು ಪಾಲಿಸಿ ಕೆಲಸ ಮಾಡುತ್ತಿಲ್ಲ ಎಂದು ಅಳಿಸಿಬಿಡುವವರಿದ್ದಾರೆ. ನೋಡಬೇಕಾದದ್ದು ‘ಶೋ ಎಂಎಲ್‌ಎಸ್ ಕ್ಯೂಒಎಸ್ ಇಂಟರ್‌ಫೇಸ್’, ಪೋರ್ಟ್ ಹೆಸರು, ಕೊನೆಗೆ ‘ಸ್ಟಾಟಿಸ್ಟಿಕ್ಸ್’. ಅದರಲ್ಲಿ ಡಿಎಸ್‌ಸಿಪಿ ಒಳಬಂದದ್ದು, ಹೊರಹೋದದ್ದು ಎಂದು ಎರಡು ಕೋಷ್ಟಕ, ಸಾಲಿಗೆ ಐದೈದು ಬೆಲೆ. 46 ಇರುವುದು ‘45 - 49’ ಎಂಬ ಸಾಲಿನ ಎರಡನೇ ಕಂಬದಲ್ಲಿ. ಕರೆ ನಡೆಯುತ್ತಿರುವಾಗ ಆ ಕಂಬ ಸೆಕೆಂಡಿಗೆ 50ರಂತೆ ಏರಬೇಕು. ಪಿಸಿ ಪೋರ್ಟ್‌ನ ಒಳಬಂದ ಕೋಷ್ಟಕದಲ್ಲಿ ಅದು 0 ಸಾಲಿನಲ್ಲಿದ್ದು, ಅಪ್‌ಲಿಂಕ್‌ನ ಹೊರಹೋದ ಕೋಷ್ಟಕದಲ್ಲಿ 46ಕ್ಕೆ ಬಂದಿದ್ದರೆ ವರ್ಗೀಕರಣ ಸರಿಯಾಗಿದೆ. ಕೆಳಗಿನ ಕ್ಯೂ ಕೋಷ್ಟಕ ಓದುವಾಗ ಎಚ್ಚರ: ಕಾನ್ಫಿಗ್‌ನಲ್ಲಿ ಕ್ಯೂಗಳು 1ರಿಂದ 4, ಈ ಕೋಷ್ಟಕದಲ್ಲಿ 0ಯಿಂದ 3. ಇಲ್ಲಿ ‘ಕ್ಯೂ 1’ರಲ್ಲಿ ಡ್ರಾಪ್ ಕಂಡರೆ ಅದು ಕಾನ್ಫಿಗ್‌ನ ಎರಡನೇ ಕ್ಯೂ, ದನಿಯದ್ದಲ್ಲ.

ಕರೆಗಾಗಿ ಕಾಯದೆ ಪರೀಕ್ಷಿಸಲು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಾ ಟ್ರಾಫಿಕ್ ಕಳಿಸುವ ಐಪರ್ಫ್3 ಸಾಕು: ಯುಡಿಪಿ, ಕ್ಲೈಂಟ್ ಪೋರ್ಟ್ 50005, ಪ್ಯಾಕೆಟ್ ಗಾತ್ರ 172 ಬೈಟ್, ವೇಗ 69 ಕೆಬಿಪಿಎಸ್. ಇದು ಜಿ.711 ಕರೆಯ ಅಚ್ಚು. ಜೊತೆಗೆ ಇನ್ನೊಂದು ಯಂತ್ರದಿಂದ ಅದೇ ಅಪ್‌ಲಿಂಕ್ ತುಂಬಿ ಚೆಲ್ಲುವಷ್ಟು ಟಿಸಿಪಿ ಓಡಿಸಿ. ಮೊದಲನೆಯದರಲ್ಲಿ ನಷ್ಟ ಸೊನ್ನೆಯ ಹತ್ತಿರವೇ ಉಳಿಯಬೇಕು. ನಂಬುವ ಪೋರ್ಟ್ ಪರೀಕ್ಷಿಸುವುದಾದರೆ ‘ಪಿಂಗ್ -ಕ್ಯೂ 184’ (ದೊಡ್ಡ ಕ್ಯೂ ಅಕ್ಷರ) ಕೊಟ್ಟು, ಆಚೆ ತುದಿಯಲ್ಲಿ ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ಡಿಎಸ್‌ಸಿಪಿ 46 ಬಂತೇ ನೋಡಿ. ಸ್ಪ್ಯಾನ್ ಪೋರ್ಟ್‌ನಲ್ಲಿ (ಬೇರೆ ಪೋರ್ಟ್‌ನ ಟ್ರಾಫಿಕ್‌ನ ಪ್ರತಿ ಬರುವ ಪೋರ್ಟ್) ಹಿಡಿಯುವವರಿಗೆ ಒಂದು ಮಾತು: ಒಳಬರುವ ದಿಕ್ಕಿನ ಪ್ರತಿಯನ್ನು ಸ್ವಿಚ್ ಗುರುತು ಬದಲಿಸುವ ಮೊದಲೇ ತೆಗೆಯುತ್ತದೆ. ಪಿಸಿ ಪೋರ್ಟ್‌ನ ಒಳದಿಕ್ಕಿಗೆ ಸ್ಪ್ಯಾನ್ ಹಾಕಿ 46 ಕಾಣುತ್ತಿಲ್ಲ ಎಂದು ಗೊಂದಲಪಡಬೇಡಿ, ಅಪ್‌ಲಿಂಕ್‌ನ ಹೊರದಿಕ್ಕಿಗೆ ಹಾಕಿ.

ಕೊನೆಯದಾಗಿ ಇಂಟರ್ನೆಟ್ ಅಂಚು. ಲೀಸ್ಡ್ ಲೈನ್ 50 ಎಂಬಿಪಿಎಸ್, ಆದರೆ ಅದು ಬಂದು ಕೂರುವ ಪೋರ್ಟ್ 1 ಜಿಬಿಪಿಎಸ್. ಸ್ವಿಚ್‌ನ ಲೆಕ್ಕದಲ್ಲಿ ಪೋರ್ಟ್ ಎಂದೂ ತುಂಬುವುದಿಲ್ಲ, ಕ್ಯೂ ಕಟ್ಟುವುದೇ ಇಲ್ಲ. ಹೆಚ್ಚುವರಿ ಪ್ಯಾಕೆಟ್‌ಗಳನ್ನು ಕತ್ತರಿಸುವುದು ಸೇವಾದಾರರ ಉಪಕರಣ, ಅದು ದನಿ-ಫೈಲು ಎಂದು ಭೇದ ಮಾಡದು. ನಮ್ಮ ಕಡೆಯೇ ಲೈನ್‌ಗಿಂತ ತುಸು ಕಡಿಮೆಗೆ ಶೇಪ್ ಮಾಡಿದರೆ (ಮೀರಿದ್ದನ್ನು ತಡೆದು ನಿಧಾನವಾಗಿ ಕಳಿಸಿದರೆ) ಮಾತ್ರ ಕ್ಯೂ ನಮ್ಮ ಕೈಯಲ್ಲಿ ಕಟ್ಟುತ್ತದೆ. 9300ರಲ್ಲಿ ‘ಶೇಪ್ ಆವರೇಜ್’ ಇರುವ ತಾಯಿ ಪಾಲಿಸಿಯೊಳಗೆ ಕ್ಯೂ ಪಾಲಿಸಿಯನ್ನು ಕೂರಿಸಬಹುದು. 3750ಯಲ್ಲಿ ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್’ ಪೋರ್ಟ್ ವೇಗದ 10ರಿಂದ 90 ಪ್ರತಿಶತವಷ್ಟೇ ಒಪ್ಪುತ್ತದೆ. ಆದ್ದರಿಂದ ಎರಡೂ ತುದಿಯನ್ನು 100 ಎಂಬಿಪಿಎಸ್‌ಗೆ ಇಳಿಸಿ, ಮಿತಿ 45 ಕೊಡಿ. ಹಾರ್ಡ್‌ವೇರ್ ಆರಾರು ಪ್ರತಿಶತದ ಹೆಜ್ಜೆಯಲ್ಲಿ ಹೊಂದಿಸುವುದರಿಂದ ನಿಜವಾದ ವೇಗವನ್ನು ಅಳೆದು ನೋಡಿ.

ಒಳಬರುವ ದಿಕ್ಕನ್ನು ಬಹಳ ಜನ ಮರೆಯುತ್ತಾರೆ. ಇಂಟರ್ನೆಟ್‌ನಿಂದ ಬರುವ ಪ್ಯಾಕೆಟ್‌ನ ಗುರುತು ಹೆಚ್ಚಾಗಿ 0 ಆಗಿರುತ್ತದೆ, ಇರುವ ಗುರುತನ್ನೂ ನಂಬುವಂತಿಲ್ಲ. ನಾವು ಮಾತಾಡಿದ್ದು ಅವರಿಗೆ ಚೆನ್ನಾಗಿ ಕೇಳುತ್ತದೆ, ಅವರದ್ದು ನಮಗೆ ಒಡೆಯುತ್ತದೆ ಎಂಬ ದೂರು ಇಲ್ಲಿಂದ ಹುಟ್ಟುತ್ತದೆ. ಫೈರ್‌ವಾಲ್‌ನ ಒಳಬದಿಗೆ ಜೋಡಿಸಿದ ಸ್ವಿಚ್ ಪೋರ್ಟ್ ಕೂಡ ಒಂದು ಬಾಗಿಲೇ, ಅಲ್ಲೂ ವರ್ಗೀಕರಣದ ಪಾಲಿಸಿ ಬೇಕು. ಈ ಸಲ ರೇಂಜ್ 50000–50019 ಗಮ್ಯದ ಪೋರ್ಟ್ ಆಗಿ, ಎರಡನೇ ‘ಎನಿ’ ಆದ ಮೇಲೆ. ಎನ್‌ಎಟಿ (ಫೈರ್‌ವಾಲ್ ವಿಳಾಸ, ಪೋರ್ಟ್ ಬದಲಿಸುವ ಕೆಲಸ) ಮುಗಿದ ಮೇಲಿನ ಒಳಬದಿಯಲ್ಲೇ ಇದನ್ನು ಮಾಡಬೇಕು, ಹೊರಬದಿಯಲ್ಲಿ ಪೋರ್ಟ್ ಅಂಕಿಗಳು ಬದಲಾಗಿರುತ್ತವೆ. ಪೊಲೀಸ್ ಮಿತಿ ಇಲ್ಲಿ ಒಂದು ಕರೆಯ ಲೆಕ್ಕದಲ್ಲಲ್ಲ, ಏಕಕಾಲಕ್ಕೆ ನಡೆಯಬಹುದಾದ ಒಟ್ಟು ಕರೆಗಳ ಲೆಕ್ಕದಲ್ಲಿ. ಹೀಗೆ ಗುರುತು ಹಾಕಿದ ಮೇಲೂ ಸೇವಾದಾರರ ತುದಿಯಲ್ಲಿ ಕಟ್ಟುವ ಕ್ಯೂ ನಮ್ಮ ಕೈಗೆ ಸಿಗದು. ಎಂಪಿಎಲ್‌ಎಸ್ ಲೈನ್ (ಸೇವಾದಾರರ ಸ್ವಂತ ನೆಟ್‌ವರ್ಕ್ ಮೂಲಕ ಕಚೇರಿಗಳನ್ನು ಜೋಡಿಸುವ ಲೈನ್) ಆಗಿದ್ದರೆ ಅವರ ಹೊರದಿಕ್ಕಿಗೆ ಯಾವ ವರ್ಗಗಳಿವೆ, 46ಕ್ಕೆ ಎಷ್ಟು ಎಂಬಿಪಿಎಸ್ ಮೀಸಲು, ಮೀರಿದ್ದನ್ನು ಬಿಸಾಡುತ್ತಾರೋ ಕೆಳಗಿನ ವರ್ಗಕ್ಕೆ ಇಳಿಸುತ್ತಾರೋ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ತರಿಸಿಕೊಳ್ಳಿ.